ಪರನುಡಿಯಲ್ಲಿ ಪ್ರಾರ್ಥನೆ

ಪರದೇಶಕ್ಕೆ ಹೋದ ಮನುಷ್ಯನು ಸಂತೆಯ ಮಾತನ್ನು ಬೇಗ ಕಲಿಯುತ್ತಾನೆ. ದೇವರ ಮುಂದೆ ಆಡಬೇಕಾದ ಮಾತನ್ನು ಕಲಿಯುವುದು ಬಹಳ ತಡ. ಜೋಳದ ಬೆಲೆ ಕೇಳುವಾಗ ನಾಲಗೆ ತಪ್ಪಿದರೆ ವ್ಯಾಪಾರಿ ನಕ್ಕು ತಿದ್ದುತ್ತಾನೆ. ಪ್ರಾರ್ಥನೆಯಲ್ಲಿ ತಪ್ಪಿದರೆ ತಿದ್ದುವವರಾರು?

ವನದುರ್ಗದ ಕೋಟೆಯ ಸುತ್ತಣ ಈ ಸೀಮೆಯ ಜನಕ್ಕೆ ಪರಭಾಷೆಯ ತೊಡಕು ಹೊಸದಲ್ಲ. ಶಹಾಪುರ, ಸುರಪುರ, ಯಾದಗಿರಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಆ ಲಿಪಿ ಬಾರದ ರೈತನು ಒಂದು ಅರ್ಜಿಗಾಗಿ ಇನ್ನೊಬ್ಬರ ಬಾಗಿಲು ಕಾಯಬೇಕಾಗಿತ್ತು. ಆದರೂ ಅವನಿಗೊಂದು ಆಸರೆಯಿತ್ತು. ಕಚೇರಿಯಲ್ಲಿ ಮೂಕನಾಗಿ ನಿಂತವನು ಸಂಜೆ ಭಜನೆಯಲ್ಲಿ ತನ್ನ ನುಡಿಯಲ್ಲೇ ಬಾಯಿತುಂಬ ಹಾಡುತ್ತಿದ್ದನು. ಈ ಆಸರೆಯನ್ನೂ ಬಿಟ್ಟು, ದೇವರೊಡನೆಯೂ ಪರನುಡಿಯಲ್ಲೇ ಮಾತಾಡಬೇಕಾದವರ ಪಾಡೇನು?

ಕನ್ನಡನಾಡಿನ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇಹ್ನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಮನೆಮಾತು ಜರ್ಮನ್, ಆರಾಧನೆ ನಡೆಸಬೇಕಾದುದು ಈ ನೆಲದ ನುಡಿಗಳಲ್ಲಿ. ಮುಂದೆ ಕಣ್ಣನೂರಿನಲ್ಲಿ ನೆಲಸಿದ ಹೆಬಿಕ್ ದುಭಾಷಿಯ ಮೂಲಕ ಉಪದೇಶ ಮಾಡಿದವರೆಂದೇ ಪ್ರಸಿದ್ಧರು. ಕೇಳುವವರ ಕಡೆಯೂ ಸಂಗತಿ ಸರಳವಾಗಿರಲಿಲ್ಲ. ಮಂಗಳೂರಿನ ಸಭೆಯಲ್ಲಿ ಕುಳಿತವರಲ್ಲಿ ಅನೇಕರ ಮನೆಮಾತು ತುಳು. ಆ ಭಾಷೆಯಲ್ಲಿ ಹೊಸ ಒಡಂಬಡಿಕೆ ಪೂರ್ಣವಾಗಿ ಅಚ್ಚಾದುದು 1847ರಲ್ಲಿ. ಕನ್ನಡದ ಆರಾಧನೆಯೆಂದರೆ ಅಲ್ಲಿ ಹೇಳುವವನಿಗೂ ಕೇಳುವವನಿಗೂ ಮನೆಯಿಂದ ಹೊರಗಿನದೊಂದು ಜಗಲಿ.

ಇವರ ಉದ್ದೇಶ ಮತಪ್ರಚಾರವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ನುಡಿ ಬಾರದ ಸಂಕಟ ಅವರಲ್ಲಿ ಕೆಲವರನ್ನು ಎಲ್ಲಿಗೆ ಕೊಂಡೊಯ್ದಿತೆಂಬುದು ವಿಚಾರಯೋಗ್ಯ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ನಮ್ಮ ಹಳೆಯ ಕಾವ್ಯಗಳನ್ನು ಅರಸಿ ಅಚ್ಚು ಹಾಕಿಸಿದರು. ಬೋಧಿಸಲು ಬಂದವರು ಮೊದಲು ಓದುಗರಾಗಬೇಕಾಯಿತು.

ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳನ್ನು ಓದಿದ್ದ ತರುಣನಿಗೆ ನಮ್ಮ ಹಳ್ಳಿಯ ಹುಡುಗನ ಮಾತು ಆ ಹೊತ್ತಿಗೆ ಅರ್ಥವಾಗುವಂತಿರಲಿಲ್ಲ. ನಮ್ಮ ಜನ ಹಾಡನ್ನು ಕಿವಿಗೊಟ್ಟು ಕೇಳುವವರು. ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಛಂದಸ್ಸು ತಿಳಿಯಲು ನಾಗವರ್ಮನ ಬಳಿಗೆ, ವ್ಯಾಕರಣಕ್ಕೆ ಕೇಶಿರಾಜನ ಬಳಿಗೆ ಹೋದರು. ಇಬ್ಬರ ಗ್ರಂಥಗಳನ್ನೂ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು: ಸುಮಾರು 70,000 ಶಬ್ದಗಳು, ಅವುಗಳೊಡನೆ ಗಾದೆಗಳು, ನುಡಿಗಟ್ಟುಗಳು.

ಅಷ್ಟು ಪದಗಳೇಕೆ ಬೇಕಾದವು? ಪಾಪ, ಕೃಪೆ, ಭಕ್ತಿ ಎಂಬ ಮಾತುಗಳನ್ನು ಯಾವ ಉಪದೇಶಕನೂ ಬರಿದಾಗಿ ಎತ್ತಿಕೊಳ್ಳಲಾರನು. ಅವುಗಳಲ್ಲಿ ಶರಣರ ಉಸಿರಿದೆ, ದಾಸರ ತಂಬೂರಿಯಿದೆ. ಹೇಳುವವನು ತನ್ನ ಅರ್ಥದಲ್ಲಿ ಹೇಳಿದರೂ ಕೇಳುವವನಿಗೆ ತನ್ನ ಅಜ್ಜಿಯ ಅರ್ಥವೇ ಕೇಳಿಸುತ್ತದೆ. ಇದನ್ನು ಬಲ್ಲವನು ಅವಸರ ಮಾಡುವುದಿಲ್ಲ. ಮೊದಲು ಅಜ್ಜಿಯ ಅರ್ಥವನ್ನು ತಿಳಿಯುತ್ತಾನೆ.

ಈಗ ಪ್ರಯಾಣದ ದಿಕ್ಕು ತಿರುಗಿದೆ. ಕನ್ನಡದ ಮಕ್ಕಳು ಕಿಟ್ಟೆಲರ ನಾಡಿಗೇ ಓದಲು, ದುಡಿಯಲು ಹೋಗುತ್ತಾರೆ. ಅವರಲ್ಲಿ ಕ್ರೈಸ್ತರಾದವರು ಭಾನುವಾರ ಜರ್ಮನ್ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತರೆ, ಎಲ್ಲರೂ ಎದ್ದಾಗ ಏಳಬೇಕು, ಕುಳಿತಾಗ ಕುಳಿತುಕೊಳ್ಳಬೇಕು. ಕೀರ್ತನೆಯ ರಾಗ ಪರಿಚಿತವೆನಿಸಿದರೂ ಪದಗಳು ಕೈಗೆ ಸಿಗವು. ಆ ಹೊತ್ತು ಪಕ್ಕದವರು ಪುಟ ತೆರೆದುಕೊಟ್ಟರೆ ಅದೇ ದೊಡ್ಡ ಉಪಕಾರ.

ನಮ್ಮೂರಿಗೂ ಹೊರಗಿನವರು ಬರುತ್ತಾರೆ. ಗುಡಿಯಲ್ಲೋ ದರ್ಗಾದಲ್ಲೋ ಇಗರ್ಜಿಯಲ್ಲೋ ತಡವರಿಸುತ್ತ ಎರಡು ಮಾತು ಕನ್ನಡ ಆಡುತ್ತಾರೆ. ಆಗ ನಗುವುದು ಸುಲಭ. ನಮ್ಮ ಕಪಾಟಿನ ಅತಿ ದೊಡ್ಡ ನಿಘಂಟುಗಳಲ್ಲೊಂದು ಅಂಥದೇ ತೊದಲ್ನುಡಿಯಿಂದ ಬೆಳೆದುದೆಂಬುದನ್ನು ನೆನೆದರೆ, ಬಂದವರಿಗೆ ಜಾಗ ಬಿಟ್ಟು, ಮಾತು ಮುಗಿಯುವವರೆಗೆ ಕಾಯುವುದು ನಮಗೆ ಕಷ್ಟವಾಗಲಾರದು.