ಚಮಕಾ ನೂಲು, ಕೊಂಡಿ ಸೆರಗು: ಇಳಕಲ್ಲಿನ ಮನೆ ಉದ್ದಿಮೆ

ಕೂಡಲಸಂಗಮಕ್ಕೆ ಬಂದವರಲ್ಲಿ ಅನೇಕರು ಐಕ್ಯಮಂಟಪ ನೋಡಿಕೊಂಡು, ಹುನಗುಂದದ ಮೇಲೆ ಹಾಯ್ದು, ಸೀರೆ ಕೊಳ್ಳಲು ಇಳಕಲ್ಲಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ಹರಡುತ್ತಿದ್ದಂತೆ ಬರುವ ಪ್ರಶ್ನೆ ಒಂದೇ: ಸೆರಗು ಅಸಲಿ ರೇಷ್ಮೆಯದೋ, ಚಮಕಾದ್ದೋ? ಚಮಕಾ ಎಂದರೆ ಕಾರ್ಖಾನೆಯಲ್ಲಿ ತಯಾರಾದ ಕೃತಕ ರೇಷ್ಮೆ, ಅಂದರೆ ರೇಯಾನ್. ಚಮಕಾ ಎಂದು ಗೊತ್ತಾದ ಕೂಡಲೇ ಹಲವರು ಸೀರೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಕರಕುಶಲದ ಮೇಲೆ ಅಭಿಮಾನವಿರುವವರೂ ಪೇಟೆಯ ಈ ತೀರ್ಪನ್ನು ಒಪ್ಪಿಕೊಂಡಿದ್ದಾರೆ. ಕಾರ್ಖಾನೆಯ ನೂಲು ಹೊಕ್ಕಿತು, ಸೀರೆ ಕೆಟ್ಟಿತು ಎನ್ನುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಇಳಕಲ್ ಸೀರೆ ಮನೆಮಂದಿ ಸೇರಿ ನಡೆಸುವ ಉದ್ದಿಮೆಯ ಸರಕು. ಹೊಸ ನೂಲು ಬಂದಮೇಲೆ ಎಷ್ಟು ಕೆಲಸ ಮನೆಯೊಳಗೇ ಉಳಿಯಿತು ಎಂಬುದರಿಂದ ಆ ಉದ್ದಿಮೆಯ ಏಳುಬೀಳನ್ನು ಅಳೆಯಬೇಕು. ಹಾಗೆ ಅಳೆದರೆ ಚಮಕಾ ಈ ಉದ್ದಿಮೆಗೆ ಆಸರೆಯಾದ ನೂಲು. ಅದಕ್ಕೆ ಕುತ್ತು ತಂದದ್ದು ಆಮೇಲಿನ ಪಾಲಿಯೆಸ್ಟರ್ ಮತ್ತು ವಿದ್ಯುತ್ ಮಗ್ಗದ ಉದ್ದನೆಯ ಹಾಸು.

ಈ ಮಾತು ತಿಳಿಯಬೇಕಾದರೆ ಸೀರೆ ಹೇಗೆ ಆಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೇರೆ ಊರುಗಳಲ್ಲಿ ಒಂದೇ ಹಾಸು ಮಗ್ಗಕ್ಕೆ ಏರಿಸಿ, ಅದರಲ್ಲಿ ಒಂದರ ಹಿಂದೊಂದು ಹಲವು ಸೀರೆ ನೇಯ್ದು ಕತ್ತರಿಸುತ್ತಾರೆ. ಇಳಕಲ್ಲಿನ ಸಂಪ್ರದಾಯದ ಸೀರೆಗೆ ಮೂರು ಹಾಸು ಬೇಕು: ಒಡಲಿಗೆ ಒಂದು, ಎರಡೂ ಅಂಚಿನ ದಡಿಗೆ ಒಂದು, ಸೆರಗಿಗೆ ಇನ್ನೊಂದು. ಒಡಲು ಸಾಮಾನ್ಯವಾಗಿ ಹತ್ತಿಯದು. ದಡಿ ಮತ್ತು ಸೆರಗು ರೇಷ್ಮೆಯವೋ ಚಮಕಾದವೋ ಆಗಿರುತ್ತವೆ, ಬಣ್ಣ ಎರಡಕ್ಕೂ ಒಂದೇ, ಹೆಚ್ಚಾಗಿ ಕೆಂಪು. ಸೆರಗಿನ ಉದ್ದ 16ರಿಂದ 27 ಅಂಗುಲ. ಒಡಲಿನ ಹಾಸು ಮುಗಿಯುವಲ್ಲಿ ಅದರ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯ ಕುಣಿಕೆಯೊಳಗೆ ತೂರಿಸಿ ಕೂಡಿಸಬೇಕು. ಇದೇ ಕೊಂಡಿ. ಗಂಟು ಹಾಕುವುದಲ್ಲ, ಹೊಲಿಯುವುದೂ ಅಲ್ಲ. ಕುಣಿಕೆಗೆ ಕುಣಿಕೆ ಸಿಕ್ಕಿಸಿ ಎಳೆ ಎಳೆಯಾಗಿ ಜೋಡಿಸುವ ಕೆಲಸ. ಸೆರಗಿನ ಮೇಲೆ ಜೋಳದ ತೆನೆಯನ್ನೂ ಕೋಟೆಯ ಕೊಮ್ಮೆಯನ್ನೂ ಹೋಲುವ ಬಿಳಿಯ ಮೊನೆಗಳು ಮೂಡುತ್ತವೆ. ದಡಿಯಲ್ಲಿ ಗೋಮಿ, ಚಿಕ್ಕಿ ಪರಾಸದಂಥ ವಿನ್ಯಾಸಗಳು. ಆರು, ಎಂಟು, ಒಂಬತ್ತು ಗಜ ಎಂದು ಅಳತೆ ಬದಲಾಗುತ್ತದೆ, ಕೊಂಡಿ ಬದಲಾಗುವುದಿಲ್ಲ. ಕುಣಿಮಗ್ಗದ ಮೇಲೆ ಒಂದು ಸೀರೆಗೆ ಸುಮಾರು ಒಂದು ವಾರ ಹಿಡಿಯುತ್ತದೆ.

ಇಷ್ಟು ಚೂರುಚೂರು ಕೆಲಸ ಒಬ್ಬರಿಂದ ಆಗುವುದಿಲ್ಲ. ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು, ಹಾಸು ಮಾಡುವುದು, ಕೊಂಡಿ ಕೂಡಿಸುವುದು, ಆಮೇಲೆ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವುದು, ಎಲ್ಲ ಒಂದೇ ಸೂರಿನಡಿ ನಡೆಯಬೇಕು. ಸೀರೆಗೊಮ್ಮೆ ಹಾಸನ್ನು ಕೂಡಿಸುವ ಈ ಕ್ರಮವೇ ಇಳಕಲ್ಲಿನ ನೇಕಾರಿಕೆಯನ್ನು ಮನೆಯಲ್ಲಿ ಕಟ್ಟಿ ಇಟ್ಟಿದೆ ಎಂಬುದು ನನ್ನ ಲೆಕ್ಕ. ವಿದ್ಯುತ್ ಮಗ್ಗದ ಲಾಭ ನಿಂತಿರುವುದು ತಡೆಯಿಲ್ಲದ ಓಟದ ಮೇಲೆ. ನೂರಾರು ಮೀಟರು ಹಾಸನ್ನು ಒಮ್ಮೆ ಏರಿಸಿದರೆ ಅದು ಓಡುತ್ತಲೇ ಇರಬೇಕು. ಆರು ಗಜಕ್ಕೊಮ್ಮೆ ನಿಲ್ಲಿಸಿ ಸಾವಿರಾರು ಎಳೆ ಕೈಯಿಂದ ಕೂಡಿಸುವ ಕೆಲಸ ಆ ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಯಂತ್ರದ ಸೀರೆಯಲ್ಲಿ ಒಡಲಿನ ಹಾಸೇ ಸೆರಗಿನೊಳಗೂ ಸಾಗುತ್ತದೆ, ಹೊಕ್ಕಿನ ನೂಲನ್ನು ಮಾತ್ರ ಕೆಂಪು ಮಾಡುತ್ತಾರೆ. ಒಡಲು ಹಸಿರಾದರೆ ಆ ಹಸಿರು ಸೆರಗಿನ ಕೆಂಪಿನಲ್ಲಿ ಮಸುಕಾಗಿ ಇಣುಕುತ್ತದೆ. ಕೊಂಡಿಯ ಸೆರಗಿನಲ್ಲಿ ಉದ್ದ ಎಳೆಯೂ ಕೆಂಪು, ಅಡ್ಡ ಎಳೆಯೂ ಕೆಂಪು; ಬೆರಕೆಯಿಲ್ಲದ ಬಣ್ಣ. ಒಡಲು ಸೆರಗು ಕೂಡುವಲ್ಲಿ ಹಿಂಬದಿಯನ್ನು ಹಿಡಿದು ನೋಡಿದರೆ ಕುಣಿಕೆಗಳ ಸಾಲು ಕಾಣುತ್ತದೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನು. ಚಮಕಾದ ಸೆರಗಿನಲ್ಲೂ ಈ ಸಾಲು ಇದ್ದರೆ ಅದು ಇಳಕಲ್ ಸೀರೆಯೇ.

ಇನ್ನು ಚಮಕಾದ ಕಥೆ. ಅದು ಶುರುವಾಗುವುದು ಪ್ಲಾಸ್ಟಿಕ್ಕಿನ ತವರಿನಲ್ಲೇ. 1860ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆನೆದಂತಕ್ಕೆ ಬದಲಾಗಿ ಬಂದ ಸೆಲ್ಯುಲಾಯ್ಡ್, ಸಸ್ಯದ ನಾರಿನ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಪಳಗಿಸಿ ಮಾಡಿದ ವಸ್ತು. ಅದೇ ನೈಟ್ರೋಸೆಲ್ಯುಲೋಸನ್ನು ಸಣ್ಣ ತೂತುಗಳಿಂದ ಎಳೆದು ಫ್ರಾನ್ಸಿನ ಶಾರ್ಡೊನೆ ಕೃತಕ ರೇಷ್ಮೆ ಮಾಡಿ 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಟ್ಟ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿ, ಆಮ್ಲದ ತೊಟ್ಟಿಯಲ್ಲಿ ಮತ್ತೆ ನೂಲಾಗಿಸುವ ವಿಸ್ಕೋಸ್ ಕ್ರಮವನ್ನು ಕಂಡುಹಿಡಿದರು. ಅಗ್ಗದ ರೇಯಾನ್ ಬಂದದ್ದು ಅಲ್ಲಿಂದ. ಎರಡು ಮಹಾಯುದ್ಧಗಳ ನಡುವೆ ಇಟಲಿ, ಜಪಾನುಗಳ ನೂಲು ಭಾರತದ ಮಗ್ಗಗಳಿಗೆ ಬಂದಿಳಿಯಿತು. 1950ರಲ್ಲಿ ಕೇರಳದ ಪೆರುಂಬಾವೂರಿನ ಟ್ರಾವಂಕೂರ್ ರೇಯಾನ್ಸ್ ದೇಶದೊಳಗೇ ತಯಾರಿ ಶುರುಮಾಡಿತು. ಹೀಗೆ ದೂರದ ರಸಾಯನ ಕಾರ್ಖಾನೆಯೊಂದು ಇಳಕಲ್ಲಿನ ಕುಣಿಮಗ್ಗಕ್ಕೆ ನೂಲು ಕೊಡುವಂತಾಯಿತು.

ಆ ನೂಲು ಮನೆಯ ಕೆಲಸವನ್ನು ಏಕೆ ಕಿತ್ತುಕೊಳ್ಳಲಿಲ್ಲ? ಉತ್ತರ ಅದರ ಗುಣದಲ್ಲೇ ಇದೆ. ರೇಯಾನ್ ಮೂಲತಃ ಸೆಲ್ಯುಲೋಸ್, ಹತ್ತಿಯೂ ಸೆಲ್ಯುಲೋಸ್. ಹತ್ತಿಗೆ ಹಿಡಿಯುವ ಬಣ್ಣ ಅದಕ್ಕೂ ಹಿಡಿಯುತ್ತದೆ. ರೇಷ್ಮೆಯಂತೆ ಅದನ್ನು ಸಾಬೂನಿನ ನೀರಿನಲ್ಲಿ ಕುದಿಸಿ ಗೋಂದು ತೆಗೆಯಬೇಕಿಲ್ಲ. ಮನೆಯ ಹಿತ್ತಲಿನ ಒಲೆಯ ಮೇಲೋ ಓಣಿಯ ಬಣ್ಣಗಾರನ ಹಂಡೆಯಲ್ಲೋ ಆಗುವ ಕೆಲಸ ಅದು. ಬಣ್ಣ ಅಲ್ಲೇ, ಸುತ್ತುವುದು ಅಲ್ಲೇ, ಕೊಂಡಿ ಅಲ್ಲೇ. ಪಾಲಿಯೆಸ್ಟರ್ ಹಾಗಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ರೂಪಿಸಿದ ಈ ವಸ್ತು ನಾವು ಕುಡಿದು ಬಿಸಾಡುವ ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ. ಅದಕ್ಕೆ ಬಣ್ಣ ಸರಿಯಾಗಿ ಹೊಗಬೇಕಾದರೆ ಸುಮಾರು 130 ಡಿಗ್ರಿ ಶಾಖ ಬೇಕು, ಅಂದರೆ ಒತ್ತಡದ ಯಂತ್ರ ಬೇಕು. ಯಾವ ಮನೆಯ ಹಂಡೆಯೂ ಅಷ್ಟು ಕಾಯುವುದಿಲ್ಲ. ಹೀಗಾಗಿ ಬಣ್ಣ ಹಾಕಿದ ನೂಲೇ ಹೊರಗಿನಿಂದ ಬರುತ್ತದೆ, ಯಾವ ಬಣ್ಣ ಬೇಕೆಂಬ ತೀರ್ಮಾನವೂ ಅದರೊಂದಿಗೆ ಮನೆಯಾಚೆ ಹೋಗುತ್ತದೆ. ಜೊತೆಗೆ ಪಾಲಿಯೆಸ್ಟರ್ ಎಳೆ ಗಟ್ಟಿ, ಯಂತ್ರದ ಓಟಕ್ಕೆ ಸುಲಭವಾಗಿ ಹರಿಯುವುದಿಲ್ಲ. ಬಣ್ಣ ಹೋಯಿತು, ಆಮೇಲೆ ಕೊಂಡಿ ಹೋಯಿತು, ಕೊನೆಗೆ ಸೀರೆಯೇ ಹೋಯಿತು. ಎರಡೂ ಕಾರ್ಖಾನೆಯ ನೂಲೇ ಆದರೂ ಒಂದು ಮನೆಯ ಸೊಸೆಯಾಗಿ ಬಂತು, ಇನ್ನೊಂದು ಮನೆಯವರನ್ನೇ ಹೊರಗೆ ಹಾಕಿತು.

ಚಮಕಾವನ್ನು ಹೀಗೆ ಎತ್ತಿ ಹಿಡಿದರೆ ಮೋಸಕ್ಕೆ ದಾರಿಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಚಮಕಾ ಸೆರಗನ್ನು ರೇಷ್ಮೆ ಎಂದು ಮಾರಿದರೆ ಅದು ಮೋಸವೇ. ಒಂದು ಎಳೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ರೇಯಾನ್ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನಿನ ದೋಷಗಳನ್ನೂ ಮುಚ್ಚಿಡಬೇಕಿಲ್ಲ. ನೆನೆದಾಗ ಅದರ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ, ಹಿಂಡಿ ಒಗೆದರೆ ಸೆರಗು ಬೇಗ ಸವೆಯುತ್ತದೆ. ಆದರೆ ಹೆಸರು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದ ಚಮಕಾ ಸೀರೆ ಮೋಸ ಹೇಗಾದೀತು? ಹೊಲಕ್ಕೆ ಹೋಗುವ ಹೆಣ್ಣುಮಗಳಿಗೆ ಹೊಳೆಯುವ ಕೆಂಪು ಸೆರಗು ಕೈಗೆಟುಕಿದ್ದು ಅದರಿಂದ. ರೇಷ್ಮೆಯನ್ನಷ್ಟೇ ನೆಚ್ಚಿದ್ದರೆ ಇಷ್ಟು ಮಗ್ಗಗಳಿಗೆ ವರ್ಷವಿಡೀ ಕೆಲಸ ಸಿಗುತ್ತಿರಲಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಪರಿಸರದ್ದು. ಹರಿಹರದೆದುರು ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ತಿರುಳು ಮತ್ತು ವಿಸ್ಕೋಸ್ ಮಾಡುವ ಕಾರ್ಖಾನೆಯ ಹೊಲಸು ನೀರಿನ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟವನ್ನು ಕನ್ನಡ ನಾಡು ಮರೆತಿಲ್ಲ. ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳಿಗೂ ಕೇಡು. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರಾ ಸಮಾಧಾನವಿಲ್ಲ. ಆ ಕೇಡನ್ನು ತಡೆಯಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲಿ, ಅದರ ದಂಡವನ್ನು ನೇಕಾರನ ಮೇಲೆ ಹಾಕಬಾರದು ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಪ್ರಶ್ನೆ ನನ್ನ ವಾದದ ಬುಡಕ್ಕೇ ತಾಗುತ್ತದೆ. ಮನೆಯ ಉದ್ದಿಮೆ ಎನ್ನುತ್ತೀರಿ, ಆದರೆ ನೂಲು ಕೊಡುವವನು ಸಾಹುಕಾರ, ಸೀರೆ ಒಯ್ಯುವವನೂ ಸಾಹುಕಾರ. ಮನೆಯವರಿಗೆ ಸಿಗುವುದು ಸೀರೆಗಿಷ್ಟು ಎಂಬ ಮಜೂರಿ. ಇದು ಉದ್ದಿಮೆಯೋ, ಮನೆಯೊಳಗಿನ ಕೂಲಿಯೋ? ಬಹಳ ಮನೆಗಳ ಮಟ್ಟಿಗೆ ಎರಡನೆಯದೇ ನಿಜ. ಅದರಲ್ಲೂ ಮಜೂರಿ ಎಣಿಸುವುದು ನೇಯ್ದವನ ಕೈಗೆ. ಕಂಡಿಕೆ ಸುತ್ತಿದ ಹೆಂಡತಿ, ಎಳೆ ಕೂಡಿಸಿದ ತಾಯಿ ಲೆಕ್ಕದಲ್ಲಿ ಬರುವುದಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಎಣಿಕೆಯಾದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೆಂಗಸರು. ಮನೆ ಎಂಬ ಮಾತನ್ನು ಹೊಗಳುತ್ತ ಈ ಸಂಬಳವಿಲ್ಲದ ದುಡಿಮೆಯನ್ನು ಮರೆತರೆ ನನ್ನ ವಾದಕ್ಕೆ ಬೆಲೆಯಿಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ಮನೆಯ ಮಗ್ಗ ಮುಚ್ಚಬೇಕೆಂಬುದಲ್ಲ, ಕೊಂಡಿಯ ಕೆಲಸಕ್ಕೆ ಬೇರೆಯಾಗಿ ಮಜೂರಿ ಕಟ್ಟಬೇಕೆಂಬುದು. ಮಗ್ಗದ ಕುಣಿ ಮನೆಯ ನೆಲದಲ್ಲೇ ತೋಡಿದ್ದು. ಬಾಡಿಗೆ ಮನೆಯಲ್ಲಿ ಅದಕ್ಕೆ ಮಾಲೀಕನ ಒಪ್ಪಿಗೆ ಬೇಕು, ಮಹಡಿಯ ಮೇಲೆ ಅದು ಆಗುವುದೇ ಇಲ್ಲ. ನೇಕಾರರಿಗೆ ಸ್ವಂತ ಮನೆ ಎಂದರೆ ಸ್ವಂತ ಕಾರ್ಖಾನೆಯೂ ಹೌದು ಎಂಬುದನ್ನು ವಸತಿ ಯೋಜನೆ ಮಾಡುವವರು ನೆನಪಿಡಬೇಕು.

ಅಗ್ಗದ ಬಟ್ಟೆ ಬಡವರಿಗೆ ಬೇಡವೇ, ವಿದ್ಯುತ್ ಮಗ್ಗದವರೂ ನೇಕಾರರೇ ಅಲ್ಲವೇ ಎಂದೂ ಕೇಳುತ್ತಾರೆ. ಹೌದು, ಅವರಿಗೂ ಬದುಕುವ ಹಕ್ಕಿದೆ, ಬೇಕಾದಷ್ಟು ಬಗೆಯ ಬಟ್ಟೆಯೂ ಇದೆ. ಕೈಮಗ್ಗಕ್ಕೆ ಕೆಲವನ್ನು ಮೀಸಲಿಟ್ಟ 1985ರ ಕಾಯಿದೆಯಲ್ಲಿ ಮೊದಲು 22 ಬಗೆಗಳಿದ್ದವು, ಆಮೇಲೆ 11ಕ್ಕೆ ಇಳಿದವು. ಸೀರೆ ಇನ್ನೂ ಆ ಪಟ್ಟಿಯಲ್ಲಿದೆ. ಸುಪ್ರೀಂ ಕೋರ್ಟು 1993ರಲ್ಲಿ ಈ ಕಾಯಿದೆಯನ್ನು ಎತ್ತಿ ಹಿಡಿದಿದೆ. ನಿಯಮ ಸಡಿಲಾದರೆ ಏನಾಗುತ್ತದೆ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯಲ್ಲೇ ಉದಾಹರಣೆಯಿದೆ. ತುಳಸಿಗೇರಿಯಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘಕ್ಕೆ ಹೋಗಿ ರಾಷ್ಟ್ರಧ್ವಜವಾಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ಕೊಟ್ಟರು. ಮುಂದಿನ ವರ್ಷ ಮನೆಮನೆಯಲ್ಲೂ ತಿರಂಗಾ ಹಾರಿಸಿ ಎಂಬ ಕರೆ ಬಂದಾಗ ಪೇಟೆ ತುಂಬಿದ್ದು ಪಾಲಿಯೆಸ್ಟರಿನಿಂದ. ಬಾವುಟ ಅಗ್ಗವಾಯಿತು, ಅದನ್ನು ನೇಯುವ ಕೈಗಳಿಗೆ ಬಂದ ಕೆಲಸ ಮಾತ್ರ ಅದರಿಂದ ಹೆಚ್ಚಲಿಲ್ಲ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, 2004ರಿಂದ ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ, 2006ರಿಂದ ಕೈಮಗ್ಗದ ಗುರುತು ಇದೆ. ಒಂದು ಊರನ್ನು ಹೇಳುತ್ತದೆ, ಒಂದು ನೂಲನ್ನು, ಇನ್ನೊಂದು ಮಗ್ಗವನ್ನು. ಕೊಂಡಿಯನ್ನು ಹೇಳುವ ಗುರುತೂ ಸೀರೆಯ ಮೇಲೆ ಇರಬೇಕು. ಒಡಲು ಯಾವ ನೂಲು, ದಡಿ ಯಾವುದು, ಸೆರಗು ಯಾವುದು, ಸೆರಗು ಕೊಂಡಿಯಿಂದ ಕೂಡಿದ್ದೋ ಅಲ್ಲವೋ: ಈ ನಾಲ್ಕು ಮಾತು ಬರೆದ ಚೀಟಿ ಸಾಕು. ಇಳಕಲ್ಲಿನ ಸೊಸೈಟಿಗಳೂ ಹುಬ್ಬಳ್ಳಿಯ ಕೈಮಗ್ಗ ಅಭಿವೃದ್ಧಿ ನಿಗಮವೂ ಮನಸ್ಸು ಮಾಡಿದರೆ ಬಾದಾಮಿಯ ಬನಶಂಕರಿ ಜಾತ್ರೆಯ ಅಂಗಡಿಗಳಿಂದಲೇ ಇದನ್ನು ಶುರುಮಾಡಬಹುದು. ಸುತ್ತಲಿನ ಹಳ್ಳಿಗಳ ಹೆಂಗಸರು ಜನವರಿಯಲ್ಲಿ ಸೀರೆ ಖಣ ಕೊಳ್ಳಲು ಸೇರುವುದು ಅಲ್ಲೇ. ಚಮಕಾ ಸೆರಗಿನ ಸೀರೆಯೂ ಅಲ್ಲಿ ತನ್ನ ಹೆಸರಿನಲ್ಲೇ, ಕೊಂಡಿಯ ಮಜೂರಿ ಸೇರಿದ ಬೆಲೆಗೆ ಮಾರಾಟವಾಗಲಿ.