ಇಂಗ್ಲಿಷಿನ ಓಟ, ಕನ್ನಡದ ನಡಿಗೆ

ಇಂಗ್ಲಿಷ್ ಭಾಷೆಯಲ್ಲಿ ಅತಿ ಹೆಚ್ಚು ಅರ್ಥಗಳುಳ್ಳ ಪದ ಯಾವುದು? ತತ್ತ್ವಶಾಸ್ತ್ರಕ್ಕೋ ವಿಜ್ಞಾನಕ್ಕೋ ಸೇರಿದ ಘನವಾದ ಪದವೊಂದು ನಮ್ಮ ಮನಸ್ಸಿಗೆ ಬರಬಹುದು. ಉತ್ತರ ಮಾತ್ರ ‘ರನ್’ ಎಂಬ ಪುಟ್ಟ ಪದ. ಶಾಲೆಗೆ ಸೇರಿದ ಹೊಸತರಲ್ಲೇ ಮಕ್ಕಳು ‘ರನ್ ಎಂದರೆ ಓಡು’ ಎಂದು ಬಾಯಿಪಾಠ ಮಾಡುವ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಪರಿಷ್ಕರಣೆಗೆ ಸುಮಾರು ಒಂಬತ್ತು ತಿಂಗಳು ವ್ಯಯಿಸಿ 645 ಅರ್ಥಗಳನ್ನು ವಿಂಗಡಿಸಿದರೆಂಬುದು 2011ರಲ್ಲಿ ಸುದ್ದಿಯಾಯಿತು. 1928ರಲ್ಲಿ ಪೂರ್ಣಗೊಂಡ ಆ ನಿಘಂಟಿನ ಮೊದಲ ಆವೃತ್ತಿಯಲ್ಲೂ 1989ರ ಎರಡನೆಯ ಆವೃತ್ತಿಯಲ್ಲೂ ‘ಸೆಟ್’ ಎಂಬ ಪದಕ್ಕಿದ್ದ ಹಿರಿತನ ಹೀಗೆ ಕೊನೆಗೆ ‘ರನ್’ ಪಾಲಾಯಿತು.

ಈ ಪದದ ವ್ಯಾಪ್ತಿ ಬೆರಗು ಹುಟ್ಟಿಸುವಂಥದು. ಇಂಗ್ಲಿಷಿನಲ್ಲಿ ಕುದುರೆಯಷ್ಟೇ ಅಲ್ಲ, ನದಿಯೂ ‘ರನ್’ ಆಗುತ್ತದೆ, ನೆಗಡಿಯಾದಾಗ ಮೂಗೂ ಆಗುತ್ತದೆ. ಒಗೆದ ಬಟ್ಟೆಯ ಬಣ್ಣ, ಗೋಡೆಯೊಳಗಿನ ತಂತಿ, ರಂಗದ ಮೇಲಿನ ನಾಟಕ, ಗಣಕಯಂತ್ರದ ತಂತ್ರಾಂಶ ಎಲ್ಲಕ್ಕೂ ಇದೇ ಕ್ರಿಯಾಪದ. ಠೇವಣಿದಾರರು ಭಯಗೊಂಡು ಒಮ್ಮೆಲೇ ಹಣ ಹಿಂಪಡೆಯಲು ಮುಗಿಬಿದ್ದರೆ ಅದು ಬ್ಯಾಂಕಿನ ಮೇಲಿನ ‘ರನ್’. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಹಾಗಾಯಿತು. ಚಿತ್ರಗಳಲ್ಲಿ ಕಂಡದ್ದು ಮಾತ್ರ ಯಾರೂ ಓಡದೆ ತಾಳ್ಮೆಯಿಂದ ಸಾಲಿನಲ್ಲಿ ನಿಂತ ಜನ!

ಚುನಾವಣೆಯ ವಿಷಯ ಇನ್ನೂ ಸ್ವಾರಸ್ಯಕರ. ಅಮೆರಿಕದ ಅಭ್ಯರ್ಥಿ ‘ರನ್’ ಆಗುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ‘ಸ್ಟ್ಯಾಂಡ್’ ಆಗುತ್ತಾನೆ. ನಮ್ಮವರೂ ಚುನಾವಣೆಗೆ ನಿಲ್ಲುವವರೇ. ಓಡಾಟವೆಲ್ಲ ಪ್ರಚಾರದ ಪಾಲಿಗೆ.

ಇಷ್ಟೊಂದು ಅರ್ಥಗಳು ಒಂದೇ ಪದಕ್ಕೆ ಬಂದು ಸೇರಿದ್ದಾದರೂ ಹೇಗೆ? ಯಂತ್ರಯುಗದ ಪಾತ್ರ ಇಲ್ಲಿ ದೊಡ್ಡದು. ಗಾಡಿ, ಗಡಿಯಾರ, ಉಗಿಯಂತ್ರ, ರೈಲು, ಕಾರ್ಖಾನೆ, ಕೊನೆಗೆ ಗಣಕಯಂತ್ರ, ಹೀಗೆ ಹೊಸ ವಸ್ತುಗಳು ಬರುತ್ತಲೇ ಹೋದವು. ಅವುಗಳ ಭಾಗಗಳಿಗೆ ಗ್ರೀಕ್, ಲ್ಯಾಟಿನ್ ಮೂಲದ ಹೆಸರುಗಳನ್ನು ಕಟ್ಟಿದ್ದುಂಟು. ಆದರೆ ಅವು ಕೆಲಸ ಮಾಡುವುದನ್ನು ಹೇಳಬೇಕಾದಾಗ ಕೂಲಿಕಾರನಿಂದ ಎಂಜಿನಿಯರ್‌ವರೆಗೆ ಎಲ್ಲರೂ ನಂಬಿದ್ದು ಮನೆಯ ಹಳೆಯ ಪದವನ್ನೇ. ಹೊಸ ಲೋಕವನ್ನು ಹಳೆಯ ಕ್ರಿಯಾಪದ ಹೊತ್ತುಕೊಂಡಿತು. ಬಳಸಿದಷ್ಟೂ ಅದು ಸವೆಯಲಿಲ್ಲ, ಬೆಳೆಯಿತು.

ಈಗ ಕನ್ನಡದ ಕಡೆ ನೋಡೋಣ. ‘ರನ್ ಎಂದರೆ ಓಡು’ ಎಂದು ಕಲಿತ ಮಗುವಿಗೆ ಆ ಸಮೀಕರಣ ಎರಡು ಹೆಜ್ಜೆಗೇ ಮುಗಿದುಹೋಗುತ್ತದೆ. ನಮ್ಮಲ್ಲೂ ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಲೆಕ್ಕ ಕಠಿಣವಾದರೆ ತಲೆ ಓಡುವುದಿಲ್ಲ. ಆದರೆ ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಪಾದಚಾರಿಯ ಮೇಲೆ ಲಾರಿ ಹರಿಯುತ್ತದೆ. ನದಿಗೂ ಲಾರಿಗೂ ಒಂದೇ ಪದ ಕೊಟ್ಟ ಕನ್ನಡದ ದಾರಿಯೇ ಬೇರೆ.

ಹಾಗಾದರೆ ಹೋಟೆಲು, ಮನೆ, ಸಂಸ್ಥೆ, ಸರ್ಕಾರಗಳನ್ನು ‘ರನ್’ ಮಾಡುವುದಕ್ಕೆ ನಮ್ಮಲ್ಲಿ ಏನಿದೆ? ಇಂಗ್ಲಿಷ್ ಓಡುವ ಕಡೆ ಕನ್ನಡ ನಡೆಯುತ್ತದೆ. ಹೋಟೆಲು ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ. ಅಂಗಡಿ ಚೆನ್ನಾಗಿ ನಡೆಯುತ್ತದೆ, ಮದುವೆ ನಡೆಯುತ್ತದೆ, ಅಪಘಾತವೂ ನಡೆಯುತ್ತದೆ. ಮನೆಯಲ್ಲಿ ಒಬ್ಬರ ಮಾತು ನಡೆಯುತ್ತದೆ, ಇನ್ನೊಬ್ಬರ ಆಟ ನಡೆಯುವುದಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ‘ಈ ನೋಟು ನಡೆಯುವುದಿಲ್ಲ’ ಎಂದರೆ ಸಾಕಾಗಿತ್ತು, ಅರ್ಥವಾಗದವರಿರಲಿಲ್ಲ. ಚಹಾ ಇಲ್ಲದಿದ್ದರೆ ಕಾಫಿಯಾದರೂ ‘ನಡೀತದ’ ಎನ್ನುತ್ತದೆ ಧಾರವಾಡದ ಮಾತು. ಉತ್ತರ ಕರ್ನಾಟಕದಲ್ಲಿ ಸವದತ್ತಿ ಎಲ್ಲಮ್ಮನಿಗೆ ‘ನಡೆದುಕೊಳ್ಳುವ’ ಮನೆತನಗಳಿವೆ. ಭಕ್ತಿಯೂ ಅಲ್ಲಿ ನಡಿಗೆಯೇ. ಚದುರಂಗದ ಕಾಯಿಗೆ ನಡೆಯಿದೆ, ಮನುಷ್ಯನಿಗೆ ನಡತೆಯಿದೆ. ಸರ್ಕಾರಿ ಆದೇಶದ ನೆತ್ತಿಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ನಡೆಗೂ ನುಡಿಗೂ ಹೊಂದಿಕೆ ಇರಬೇಕೆಂಬುದನ್ನು ಬದುಕಿನ ಮೂಲ ಪ್ರಶ್ನೆಯಾಗಿಸಿದವರು ಹನ್ನೆರಡನೆಯ ಶತಮಾನದ ವಚನಕಾರರು. ಕಾಲಿನ ಒಂದು ಸಾಮಾನ್ಯ ಕ್ರಿಯೆ ವ್ಯಾಪಾರ, ಆಡಳಿತ, ನೀತಿ, ಭಕ್ತಿಗಳನ್ನೆಲ್ಲ ದಾಟಿ ಬಂದಿದೆ. ‘ರನ್’ ಕಂಡು ಬೆರಗಾಗುವ ನಾವು ‘ನಡೆ’ಯನ್ನು ಗಮನಿಸದಿರುವುದು, ಅದು ಸದಾ ನಮ್ಮ ಬಾಯಲ್ಲೇ ಇರುವುದರಿಂದ.

ಇರುವುದರಿಂದ ಎಂದೆ, ಎಷ್ಟು ಕಾಲ ಇರುತ್ತದೆ ಎಂಬುದೇ ನನ್ನ ಆತಂಕ. ನಗರದ ಮಾತಿನಲ್ಲಿ ಈಗ ಹೋಟೆಲನ್ನು ‘ರನ್ ಮಾಡುತ್ತಾರೆ’, ಮನೆಯನ್ನು ‘ಮ್ಯಾನೇಜ್ ಮಾಡುತ್ತಾರೆ’, ಸಭೆಯನ್ನು ‘ಕಂಡಕ್ಟ್ ಮಾಡುತ್ತಾರೆ’. ಈ ಮೂರೂ ಕಡೆ ಇದ್ದದ್ದು ‘ನಡೆಸು’ ಎಂಬ ಒಂದೇ ಪದ. ಬರಹದ ಕನ್ನಡವೇನೂ ಹಿಂದೆ ಬಿದ್ದಿಲ್ಲ. ಅಲ್ಲಿ ಯೋಜನೆಗೆ ‘ಚಾಲನೆ ನೀಡಲಾಗುತ್ತದೆ’, ಸಂಸ್ಥೆಯ ‘ನಿರ್ವಹಣೆ ಮಾಡಲಾಗುತ್ತದೆ’. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಸಂಸ್ಕೃತ. ನಡುವೆ ಕನ್ನಡಕ್ಕೆ ಉಳಿದದ್ದು ‘ಮಾಡು’, ‘ನೀಡು’ ಎಂಬ ಊರುಗೋಲುಗಳಷ್ಟೇ.

ಪರಭಾಷೆಯ ಪದಗಳಿಗೆ ಬಾಗಿಲು ಮುಚ್ಚಬೇಕೆಂದು ನಾನು ವಾದಿಸುತ್ತಿಲ್ಲ. ಬಸ್ಸು, ಟಿಕೆಟ್ಟು, ಕ್ರಿಕೆಟ್ಟಿನ ರನ್ನು ಬಂದದ್ದರಿಂದ ಕನ್ನಡ ಬಡವಾಗಲಿಲ್ಲ. ವಸ್ತುವಿನ ಜೊತೆ ಹೆಸರು ಬರುವುದು ಸಹಜ. ಕ್ರಿಯಾಪದದ ಮಾತು ಹಾಗಲ್ಲ. ನಾಮಪದ ಭಾಷೆಗೆ ಬರುವ ಅತಿಥಿಯಾದರೆ, ಕ್ರಿಯಾಪದ ಒಲೆಯ ಮುಂದೆ ಕೂರುವ ಮನೆಯ ಯಜಮಾನಿ. ‘ನಡೆಸು’ ಮರೆಯಾದರೆ ಹೋಗುವುದು ಒಂದು ಪದ ಮಾತ್ರವಲ್ಲ. ನಡೆ, ನಡತೆ, ನಡವಳಿಕೆಗಳ ನಡುವಿನ ನಂಟು. ಸರ್ಕಾರವನ್ನು ನಡೆಸುವವನ ನಡತೆಯನ್ನು ಪ್ರಶ್ನಿಸುವಾಗ ಭಾಷೆಯೇ ನಮ್ಮ ನೆರವಿಗೆ ಬರುತ್ತಿತ್ತು. ‘ಮ್ಯಾನೇಜ್ ಮಾಡುವವನಿಗೆ’ ಅಂಥ ಕಟ್ಟುಪಾಡು ಇಲ್ಲ.

ಮಾಡಬಹುದಾದದ್ದು ದುಬಾರಿಯೇನಲ್ಲ. ಇಂಗ್ಲಿಷ್ ಪದಕ್ಕೆ ಕನ್ನಡ ಪದವೊಂದನ್ನು ಎದುರಿಟ್ಟು ಕಂಠಪಾಠ ಮಾಡಿಸುವ ಬದಲು, ವಾಕ್ಯಕ್ಕೆ ವಾಕ್ಯವನ್ನು ಎದುರಿಟ್ಟು ಕಲಿಸಬಹುದು. ಆಗ ಮಕ್ಕಳಿಗೆ ಇಂಗ್ಲಿಷೂ ಚೆನ್ನಾಗಿ ಬರುತ್ತದೆ, ಕನ್ನಡದ ಜಾಡೂ ಕಾಣುತ್ತದೆ. ಕಚೇರಿಗಳಲ್ಲಿ ಭಾಷಾಂತರ ಮಾಡುವವರು ‘ಈ ಮಾತನ್ನು ಸಂತೆಯಲ್ಲಿ ಹೇಗೆ ಹೇಳುತ್ತಾರೆ?’ ಎಂದು ಬರೆಯುವ ಮೊದಲು ಒಮ್ಮೆ ಕೇಳಿಕೊಳ್ಳಬಹುದು. ‘ರನ್’ಗೆ 645 ಅರ್ಥಗಳನ್ನು ತಂದುಕೊಟ್ಟವರು ವಿದ್ವಾಂಸರಲ್ಲ, ಅಂಜದೆ ಅದನ್ನು ದುಡಿಸಿಕೊಂಡ ಜನಸಾಮಾನ್ಯರು, ವಿದ್ವಾಂಸರು ಎಣಿಸಿದರು ಅಷ್ಟೆ. ನಮ್ಮ ಚಿಕ್ಕ ಪದಗಳಿಗೂ ಬೇಕಾದದ್ದು ಪೂಜೆಯಲ್ಲ, ಕೆಲಸ.