ಎಲೆ, ಹೊಗೆಸೊಪ್ಪು, ನೂಲು: ಮಂಗಳೂರು ಬೀಡಿಯ ಗುಣ ನೋಡುವ ಕ್ರಮ

ಬೀಡಿ ಎಂದರೆ ತೆಂಡು ಎಲೆಯ ತುಂಡಿನೊಳಗೆ ಕಾಲು ಗ್ರಾಮಿನ ಆಸುಪಾಸು ಹೊಗೆಸೊಪ್ಪಿನ ಪುಡಿ ಇಟ್ಟು, ಸುರುಳಿ ಸುತ್ತಿ, ನೂಲಿನಿಂದ ಬಿಗಿದದ್ದು. ಅದರಲ್ಲಿ ಕಾಗದವಿಲ್ಲ, ಫಿಲ್ಟರ್ ಇಲ್ಲ, ಯಂತ್ರದ ಪಾಲೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬೀಡಿಯ ಗುಣ ನಿಂತಿರುವುದು ಎಲೆ, ಹೊಗೆಸೊಪ್ಪು ಮತ್ತು ಕಟ್ಟಿದ ಕೈ ಈ ಮೂರರ ಮೇಲೆ. ನಿಕರಾಗುವಾದ ದುಬಾರಿ ಸಿಗಾರನ್ನು ಪರೀಕ್ಷಿಸುವವರೂ ಮೊದಲು ನೋಡುವುದು ಇವನ್ನೇ. ಆದರೆ ಸಿಗಾರಿನ ಪರೀಕ್ಷೆ ಅದನ್ನು ಸೇದಿ ಅಂಕ ಕೊಡುವಲ್ಲಿ ಮುಗಿದರೆ, ಬೀಡಿಯ ಪರೀಕ್ಷೆ ಅದನ್ನು ಕಟ್ಟಿದ ಹೆಂಗಸಿನ ಆ ದಿನದ ಕೂಲಿಯಲ್ಲಿ ಮುಗಿಯುತ್ತದೆ.

ಮಂಗಳೂರು ಈ ಉದ್ಯಮದ ದೊಡ್ಡ ಕೇಂದ್ರಗಳಲ್ಲೊಂದು. 1930ರಲ್ಲಿ ಆರಂಭವಾದ ಭಾರತ್ ಬೀಡಿ, 1940ರ ಹೊತ್ತಿಗೆ ವ್ಯವಹಾರ ಶುರುಮಾಡಿದ ಮಂಗಳೂರು ಗಣೇಶ ಬೀಡಿ, ಹಾಗೆಯೇ ಪಿ.ವಿ.ಎಸ್. ಬೀಡಿ ಈ ಊರಿನ ಹೆಸರನ್ನು ದೇಶದ ಗೂಡಂಗಡಿಗಳಿಗೆ ತಲುಪಿಸಿದವು. ಗಣೇಶ ಬೀಡಿಯ ‘501’, ಭಾರತ್ ಬೀಡಿಯ ‘30’ ಬರಿಯ ಅಂಕಿಗಳಿಂದಲೇ ಗುರುತಾಗುವ ಮಾಲುಗಳು. ಅಚ್ಚರಿಯೆಂದರೆ ಬೀಡಿಗೆ ಬೇಕಾದ ಎಲೆಯಾಗಲಿ ಹೊಗೆಸೊಪ್ಪಾಗಲಿ ಕರಾವಳಿಯ ಬೆಳೆಯಲ್ಲ. ಎಲೆ ಬರುವುದು ಮಧ್ಯ ಭಾರತದ ಕಾಡುಗಳಿಂದ, ಹೊಗೆಸೊಪ್ಪು ಬರುವುದು ನಿಪ್ಪಾಣಿ ಮತ್ತು ಗುಜರಾತಿನ ಹೊಲಗಳಿಂದ. ಮಂಗಳೂರು ಇವಕ್ಕೆ ಸೇರಿಸಿದ್ದು ಕೈಕಸುಬನ್ನು.

ಎಲೆಯ ಪರೀಕ್ಷೆ

ತೆಂಡು, ನಮ್ಮ ಕಡೆ ತುಮರಿ ಎಂದೂ ಕರೆಯುವ ಮರ, ಕರಿಮರದ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಡಯಾಸ್ಪೈರೋಸ್ ಮೆಲನೋಕ್ಸಿಲಾನ್. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ, ಮಹಾರಾಷ್ಟ್ರ, ತೆಲಂಗಾಣಗಳ ಒಣ ಎಲೆಯುದುರುವ ಕಾಡುಗಳಲ್ಲಿ ಇದು ಹೇರಳ. ಫೆಬ್ರುವರಿ–ಮಾರ್ಚ್‌ನಲ್ಲಿ ಪೊದೆಗಳನ್ನು ಸವರಿದರೆ ಸುಮಾರು ಒಂದೂವರೆ ತಿಂಗಳಲ್ಲಿ ಹೊಸ ಚಿಗುರು ಬಲಿತು ಕೊಯ್ಲಿಗೆ ಬರುತ್ತದೆ. ಬೇಸಗೆಯಲ್ಲಿ, ಮಳೆ ಹಿಡಿಯುವ ಮೊದಲು, ಎಲೆ ಕಿತ್ತು 50 ಎಲೆಗಳ ಕಟ್ಟು ಮಾಡಿ ಬಿಸಿಲಿಗೆ ಒಣಗಿಸುತ್ತಾರೆ. ಇಂಥ 1000 ಕಟ್ಟು ಸೇರಿದರೆ ಒಂದು ಮಾನಕ ಚೀಲ. ಈ ವ್ಯಾಪಾರವನ್ನು ಮಧ್ಯಪ್ರದೇಶ ಸರ್ಕಾರ 1964ರ ಕಾನೂನಿನ ಮೂಲಕ ತನ್ನ ಕೈಗೆ ತೆಗೆದುಕೊಂಡಿತು.

ಒಳ್ಳೆಯ ಎಲೆ ತೆಳ್ಳಗೆ, ಮೆತ್ತಗೆ, ಅಗಲವಾಗಿ ಇರುತ್ತದೆ. ನರಗಳು ದಪ್ಪವಾಗಿದ್ದರೆ ಸುರುಳಿ ಉಬ್ಬಿ ನಿಲ್ಲುತ್ತದೆ, ಹುಳು ಕೊರೆದ ತೂತಿದ್ದರೆ ಗಾಳಿ ಸೋರುತ್ತದೆ. ತೀರ ಎಳೆಯ ಎಲೆ ಒಣಗಿದಾಗ ಮುದುಡುತ್ತದೆ, ಬಲಿತು ಹೋದದ್ದು ಸುತ್ತುವಾಗ ಸೀಳುತ್ತದೆ. ಎಲೆಯನ್ನು ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲೋ ಗೋಣಿಯಲ್ಲೋ ಸುತ್ತಿಟ್ಟರೆ ಅದು ಮಡಿಕೆಗೆ ಒಗ್ಗಬೇಕು, ಒಣಗಿದ ಮೇಲೆ ಕೊಟ್ಟ ಆಕಾರವನ್ನು ಬಿಡಬಾರದು. ಹೀಗೆ ಒಗ್ಗುವ ಗುಣ, ಹೊಗೆಸೊಪ್ಪಿನ ವಾಸನೆಯನ್ನು ಮೀರದ ಸೌಮ್ಯತೆ, ಬೇಗ ಕೊಳೆಯದಿರುವುದು, ಇವೆಲ್ಲ ಒಂದೇ ಎಲೆಯಲ್ಲಿ ಕೂಡಿರುವುದರಿಂದಲೇ ಬೇರೆ ಎಲೆಗಳನ್ನು ಹಿಂದಿಕ್ಕಿ ತೆಂಡು ಬೀಡಿಯ ಎಲೆಯಾಯಿತು.

ಹೊಗೆಸೊಪ್ಪಿನ ಪರೀಕ್ಷೆ

ಕರ್ನಾಟಕದಲ್ಲಿ ಎರಡು ಬೇರೆ ಬೇರೆ ಹೊಗೆಸೊಪ್ಪಿನ ಸೀಮೆಗಳಿವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆದು, ಬ್ಯಾರನ್ನಿನ ಬಿಸಿಗಾಳಿಯಲ್ಲಿ ಹದಮಾಡುವ ಸೊಪ್ಪು ಸಿಗರೇಟಿಗೆ ಹೋಗುತ್ತದೆ. ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಅದರ ಮಾರಾಟ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸುತ್ತಮುತ್ತಲಿನ ಕಪ್ಪುನೆಲದ್ದು ಬೀಡಿಯ ಸೊಪ್ಪು. ಅದನ್ನು ಮಳೆಯಾಶ್ರಯದಲ್ಲಿ ಬೆಳೆದು ಬಿಸಿಲಿಗೇ ಹದಗೊಳಿಸುತ್ತಾರೆ. ಮಳೆಗಾಲದಲ್ಲಿ ನಾಟಿ, ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ಲು. ನಡುವೆ ಗಿಡದ ತುದಿ ಚಿವುಟಿ, ಪಕ್ಕದ ಕುಡಿಗಳನ್ನು ಮುರಿದು ಹಾಕುತ್ತಾರೆ. ಹೂವಿಗೆ, ಕುಡಿಗೆ ಹೋಗಬೇಕಾದ ಸತ್ವ ಎಲೆಯಲ್ಲೇ ಉಳಿದು ಸೊಪ್ಪು ಕಡುವಾಗುತ್ತದೆ.

ಬಲಿತ ಬೀಡಿ ಹೊಗೆಸೊಪ್ಪಿನ ಮೇಲೆ ಕೆಂಗಂದು ಚುಕ್ಕೆಗಳು ಮೂಡುತ್ತವೆ. ಅನುಭವಿಗಳಿಗೆ ಈ ಚುಕ್ಕೆಯೇ ಮೊದಲ ಗುರುತು: ಚುಕ್ಕೆ ತುಂಬಿದ, ದಪ್ಪನಾದ, ಅಂಟುಅಂಟಾದ ಎಲೆ ಮೇಲ್ಮಟ್ಟದ್ದು. ಒಣಗಿದ ಮೇಲೆ ಸೊಪ್ಪನ್ನು ಬಡಿದು, ಜರಡಿ ಹಿಡಿದು, ಎಲೆಯ ಹರಳು, ಕಡ್ಡಿ, ದೂಳು ಎಂದು ಬೇರ್ಪಡಿಸುತ್ತಾರೆ. ಹರಳು ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು. ಕಡ್ಡಿ ಉಳಿದರೆ ಅದು ತೆಂಡು ಎಲೆಯನ್ನು ಚುಚ್ಚಿ ಹರಿಯುತ್ತದೆ, ಉರಿಯುವಾಗ ಕಿಡಿ ಸಿಡಿಸುತ್ತದೆ. ದೂಳು ಹೆಚ್ಚಾದರೆ ಹೊಗೆಯ ಜೊತೆ ಬಾಯಿಗೆ ಬರುತ್ತದೆ. ರೈತನ ಸೊಪ್ಪು ಯಾವ ದರ್ಜೆಯದೆಂದು ನಿರ್ಧರಿಸುವ ಅಧಿಕಾರ ಬಹುಕಾಲ ವ್ಯಾಪಾರಿಯ ಕಣ್ಣಿನಲ್ಲೇ ಇತ್ತು. 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ನಡೆದ ನಿಪ್ಪಾಣಿ ತಂಬಾಕು ರೈತರ ಚಳವಳಿ ಈ ಸೊಪ್ಪಿನ ದರದ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು.

ಬೀಡಿ ಕಂಪನಿಗಳು ಒಂದೇ ಊರಿನ ಸೊಪ್ಪನ್ನು ಹಾಗೆಯೇ ಬಳಸುವುದಿಲ್ಲ. ನಿಪ್ಪಾಣಿಯ ಸೊಪ್ಪಿಗೆ ಗುಜರಾತಿನ ಆನಂದ್, ಖೇಡಾ ಸೀಮೆಯ ಸೊಪ್ಪು ಬೆರೆಸಿ, ಕಡು ಮತ್ತು ಸಪ್ಪೆಯ ನಡುವೆ ತಮ್ಮ ಹದವನ್ನು ಹಿಡಿಯುತ್ತವೆ. ವರ್ಷದ ಬೆಳೆ ಹೇಗೇ ಇರಲಿ, ‘501’ ಸೇದುವವನಿಗೆ ಅದೇ ರುಚಿ ಸಿಗಬೇಕು. ಬೆರಕೆಯ ಲೆಕ್ಕವನ್ನು ಪ್ರತಿ ಸಂಸ್ಥೆಯೂ ಗುಟ್ಟಾಗಿಡುತ್ತದೆ.

ಕಟ್ಟುವ ಕೈ

ಮಂಗಳೂರು ಮತ್ತು ಸುತ್ತಲಿನ ತಾಲೂಕುಗಳಲ್ಲಿ ಬೀಡಿ ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರು, ಕೆಲಸ ನಡೆಯುವುದು ಮನೆಯ ಜಗಲಿಯಲ್ಲಿ. ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತೂಗಿಸಿ ತರುತ್ತಾರೆ. ನೆನೆಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಚೌಕ ತುಂಡು ತೆಗೆಯುತ್ತಾರೆ. ದಪ್ಪ ನರ ತುಂಡಿನ ನಡುವೆ ಬಾರದಂತೆ ನೋಡುವುದೇ ಇಲ್ಲಿನ ಜಾಣ್ಮೆ. ಆಮೇಲೆ ತುಳುವಿನಲ್ಲಿ ತಡ್ಪೆ ಎನ್ನುವ ಗೆರಸೆಯನ್ನು ಮಡಿಲಲ್ಲಿಟ್ಟು ಕುಳಿತು, ಚಿಟಿಕೆ ಸೊಪ್ಪನ್ನು ಎಲೆಯ ಮೇಲೆ ಉದ್ದಕ್ಕೆ ಹರಡಿ, ಎರಡು ಕೈಗಳ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿ, ತುದಿ ಮಡಚಿ ಮುಚ್ಚಿ, ನೂಲು ಬಿಗಿಯುತ್ತಾರೆ. 25 ಬೀಡಿಗೆ ಒಂದು ಕಟ್ಟು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಪಳಗಿದ ಕೈಗೂ ಸಾವಿರ ಮುಟ್ಟಲು ಬೆಳಗಿನಿಂದ ರಾತ್ರಿಯವರೆಗೆ ದುಡಿಯಬೇಕು.

ಒಳ್ಳೆಯ ಕಟ್ಟಿಗೆ ಲಕ್ಷಣಗಳಿವೆ. ಬೀಡಿ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಬೆರಳಲ್ಲಿ ಒತ್ತಿದರೆ ಎಲ್ಲೂ ಟೊಳ್ಳೆನಿಸಬಾರದು, ಎಲ್ಲೂ ಕಲ್ಲಿನಂತಿರಬಾರದು. ಸೊಪ್ಪು ಕಡಿಮೆಯಾದರೆ ಎಲೆಯಷ್ಟೇ ಭಗ್ಗನೆ ಉರಿಯುತ್ತದೆ. ಹೆಚ್ಚಾಗಿ ಬಿಗಿದರೆ ಹೊಗೆ ಎಳೆದರೂ ಬರುವುದಿಲ್ಲ. ಬಾಯಿ ಮುಚ್ಚಿದ ಮಡಿಕೆ ಬಿಚ್ಚಬಾರದು, ನೂಲು ಜಾರಬಾರದು, ಎಲೆಯನ್ನು ಕೊಯ್ಯಲೂಬಾರದು.

ಬ್ರಾಂಚಿನ ತಪಾಸಣೆ

ಸಂಜೆಯೋ ಮರುದಿನವೋ ಕಟ್ಟುಗಳು ಬ್ರಾಂಚಿಗೆ ಮರಳುತ್ತವೆ. ಅಲ್ಲಿ ತಪಾಸಣೆ ಮಾಡುವವರು ಕಟ್ಟನ್ನು ಕಣ್ಣಿಗೆ ಸಮವಾಗಿ ಹಿಡಿದು ತುದಿಗಳನ್ನು ನೋಡುತ್ತಾರೆ, ಅಂಗೈಯಲ್ಲಿ ತೂಕ ಅಂದಾಜಿಸುತ್ತಾರೆ, ಸಂಶಯ ಬಂದದ್ದನ್ನು ಹಿಸುಕಿ ಬದಿಗಿಡುತ್ತಾರೆ. ಹೀಗೆ ಬದಿಗೆ ಬಿದ್ದ ಬೀಡಿಗೆ ಕಾನೂನಿನ ಭಾಷೆಯಲ್ಲಿ ‘ಛಾಟ್’ ಎಂದು ಹೆಸರು. ಕೆಟ್ಟ ಎಲೆ ಕೊಟ್ಟದ್ದರಿಂದ ಬೀಡಿ ಕೆಟ್ಟರೂ ನಷ್ಟ ಕಟ್ಟಿದವಳದ್ದೇ ಆಗುತ್ತಿತ್ತು. ಎಲೆ ಸಾಲದಾದರೆ ಕೈಯಿಂದ ಹಣ ಹಾಕಿ ಎಲೆ ಕೊಳ್ಳಬೇಕಾಗುತ್ತಿತ್ತು.

ಈ ಅನ್ಯಾಯ ತಡೆಯಲು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಕಾರ್ಮಿಕರು ತಂದ ಬೀಡಿಯಲ್ಲಿ ಸಾಮಾನ್ಯವಾಗಿ ಶೇಕಡ 5ಕ್ಕಿಂತ ಹೆಚ್ಚನ್ನು ತಿರಸ್ಕರಿಸಬಾರದೆಂದು ರಾಜ್ಯದ ನಿಯಮಗಳು ಮಿತಿ ಹಾಕಿದವು. ಬೀಡಿ ಸಂಸ್ಥೆಗಳು ಕಾಯ್ದೆಯನ್ನು ಪ್ರಶ್ನಿಸಿದವು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ಮನೆಯಲ್ಲಿ ಕುಳಿತು, ಮಾಲೀಕನ ಕಣ್ಣೆದುರಿಗಿಲ್ಲದೆ ಬೀಡಿ ಕಟ್ಟುವವಳು ಅವನ ನೌಕರಳೇ, ಅವಳಿಗೆ ಭವಿಷ್ಯನಿಧಿ ಸಲ್ಲುತ್ತದೆಯೇ? ಕೆಟ್ಟ ಬೀಡಿಯನ್ನು ತಿರಸ್ಕರಿಸುವ ಹಕ್ಕು ಇರುವುದೇ ಮೇಲ್ವಿಚಾರಣೆಗೆ ಸಾಕ್ಷಿ, ಆದ್ದರಿಂದ ಅವಳೂ ನೌಕರಳೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪಿತ್ತಿತು. ಕೂಲಿ ಕಡಿಯಲು ಬಳಕೆಯಾಗುತ್ತಿದ್ದ ಗುಣಪರೀಕ್ಷೆಯೇ ಅವಳ ಹಕ್ಕಿಗೆ ಆಧಾರವಾಯಿತು. ಬೀಡಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. 1966ರ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಲಾಗಿದೆ.

ಬೆಂಕಿ ಮತ್ತು ರುಚಿ

ತಪಾಸಣೆಯಲ್ಲಿ ಗೆದ್ದ ಬೀಡಿಯನ್ನು ಕಾವಿನಲ್ಲಿ ಹದವಾಗಿ ಒಣಗಿಸುತ್ತಾರೆ. ಎಲೆಯ ತೇವ ಆರಿ, ಸುರುಳಿ ಗಟ್ಟಿಯಾಗಿ, ಬೂಸಲು ಹಿಡಿಯದಂತೆ ಆಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಹಂತ ತಪ್ಪಿದರೆ ಮಾಲು ಕೆಟ್ಟಂತೆಯೇ. ಕೊನೆಯ ಪರೀಕ್ಷೆ ಬೆಂಕಿಯದು. ಒಂದೇ ಕಡ್ಡಿಗೆ ಹೊತ್ತಿಕೊಳ್ಳಬೇಕು, ಸುತ್ತಲೂ ಸಮನಾಗಿ ಉರಿಯಬೇಕು, ಕಿಡಿ ಸಿಡಿಯಬಾರದು, ಸೇದುವ ನಡುವೆ ಆರಬಾರದು. ರುಚಿಯನ್ನು ಹೇಳಲು ಸೇದುವವರಲ್ಲಿರುವ ಮಾತುಗಳು ಕೆಲವೇ: ಕಡು, ಸಪ್ಪೆ, ಘಾಟು.

ನಿಕರಾಗುವಾದ ಸಿಗಾರಿನ ಜೊತೆ ಹೋಲಿಸಿದರೆ ಬೀಡಿಯ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟ ಸಿಗಾರ್ ಕುಟುಂಬಗಳಲ್ಲಿ ಕೆಲವು ನಿಕರಾಗುವಾದ ಎಸ್ತೆಲಿಯಲ್ಲಿ ನೆಲೆನಿಂತವು. ಎಸ್ತೆಲಿ, ಕೊಂದೇಗ, ಹಲಾಪ ಕಣಿವೆಗಳ ಮತ್ತು ಒಮೆತೆಪೆ ಎಂಬ ಜ್ವಾಲಾಮುಖಿ ದ್ವೀಪದ ಮಣ್ಣು ಅಲ್ಲಿನ ಸೊಪ್ಪಿಗೆ ಬೇರೆ ಬೇರೆ ಗುಣ ಕೊಡುತ್ತದೆ. ಸಿಗಾರಿನಲ್ಲಿ ಒಳಗಿನ ತುಂಬು, ಅದನ್ನು ಹಿಡಿಯುವ ಎಲೆ, ಹೊರಗಿನ ಹೊದಿಕೆ ಮೂರೂ ಹೊಗೆಸೊಪ್ಪೇ. ಎಲೆಗಳನ್ನು ರಾಶಿ ಹಾಕಿ ತಿಂಗಳುಗಟ್ಟಲೆ ಹುದುಗು ಬರಿಸಿ, ಸುತ್ತಿದ ಮೇಲೂ ತೇವ ಕಾಪಾಡಿ ಇಡುತ್ತಾರೆ. ಬೀಡಿಗೆ ಮುಗಿದ ಮಾಲಿನಲ್ಲಿ ತೇವ ಶತ್ರು, ಸಿಗಾರಿಗೆ ಮಿತ್ರ. 1992ರಲ್ಲಿ ಆರಂಭವಾದ ‘ಸಿಗಾರ್ ಅಫಿಷಿಯೊನಾಡೊ’ ಪತ್ರಿಕೆ 100 ಅಂಕಗಳ ಪರೀಕ್ಷೆಯನ್ನು ಜನಪ್ರಿಯಗೊಳಿಸಿತು. ಕಂಪನಿಯ ಹೆಸರು ಮರೆಮಾಡಿದ ಸಿಗಾರಿನ ನೋಟ, ಕಟ್ಟಣೆ, ಹೊಗೆಯ ಎಳೆತ, ಉರಿಯುವ ಸಮತೆ, ರುಚಿ ಎಲ್ಲಕ್ಕೂ ಅಲ್ಲಿ ಅಂಕ. ಕರಿಮೆಣಸು, ಕೋಕೋ, ಕಾಫಿ, ತೊಗಲು ಎಂದು ರುಚಿಗೆ ಹೋಲಿಕೆ ಹುಡುಕುತ್ತಾರೆ. ಒಂದು ಸಿಗಾರ್ ಸುತ್ತಿದ ಕೈಗೂ ಒಂದು ಬೀಡಿ ಕಟ್ಟಿದ ಕೈಗೂ ಬೇಕಾದ ಸೂಕ್ಷ್ಮ ಮಾತ್ರ ಒಂದೇ: ಎಷ್ಟು ಬಿಗಿ ಸಾಕು ಎಂಬುದನ್ನು ಬೆರಳು ತಿಳಿದಿರಬೇಕು.

ಇನ್ನೊಂದು ಸಾಮ್ಯವೂ ಇದೆ. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದಲೂ ಒಬ್ಬರು ಪತ್ರಿಕೆ, ಪುಸ್ತಕ ಓದಿ ಹೇಳುವ, ಉಳಿದವರು ಕೇಳುತ್ತ ಸುತ್ತುವ ಪದ್ಧತಿ ಇತ್ತು. ಮಂಗಳೂರಿನ ಬೀಡಿ ಸಂಸ್ಥೆಗಳಿಗೆ ದುಡಿಯುತ್ತಿದ್ದ ಕೇರಳದ ಕಣ್ಣೂರಿನ ಬೀಡಿ ಕಾರ್ಯಶಾಲೆಗಳಲ್ಲೂ ಹಾಗೆಯೇ ಪತ್ರಿಕೆ ಓದುತ್ತಿದ್ದರು. ಓದಿದವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು.

ಲೆಕ್ಕಕ್ಕೆ ಬಾರದ ಗುಣ

ಈ ಎಲ್ಲ ಪರೀಕ್ಷೆಗಳಲ್ಲಿ ಒಂದೂ ಸೇದುವವನ ಆರೋಗ್ಯವನ್ನು ನೋಡುವುದಿಲ್ಲ. ‘ಉತ್ತಮ ಬೀಡಿ’ ಎಂಬುದು ಕಟ್ಟಣೆಯ ಮಾತು, ಸುರಕ್ಷತೆಯ ಮಾತಲ್ಲ. ಎಲೆಯಿಂದ ಕಟ್ಟಿದ್ದು ಕಾಗದದ ಸಿಗರೇಟಿಗಿಂತ ವಾಸಿ ಎಂಬ ನಂಬಿಕೆ ತಪ್ಪು. ತೆಂಡು ಎಲೆಯಲ್ಲಿ ಗಾಳಿ ಆಡುವುದು ಕಡಿಮೆ. ಆರದಂತೆ ಇಡಲು ಪದೇ ಪದೇ ಜೋರಾಗಿ ಎಳೆಯಬೇಕು. ಹಾಗಾಗಿ ಗಾತ್ರದಲ್ಲಿ ಸಣ್ಣದಾದರೂ ಬೀಡಿಯಿಂದ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಒಳಸೇರುತ್ತವೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್, ಹೃದ್ರೋಗ, ದಮ್ಮು ಇದರ ಫಲ. ಸಿಗಾರಿನ ಹೊಗೆಯನ್ನು ಒಳಗೆಳೆಯದೆ ಬಾಯಲ್ಲೇ ಇಟ್ಟುಕೊಳ್ಳುವವರಿಗೂ ಬಾಯಿ ಕ್ಯಾನ್ಸರಿನ ಅಪಾಯ ತಪ್ಪಿದ್ದಲ್ಲ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡ 7.7 ಮಂದಿ ಬೀಡಿ ಸೇದುತ್ತಿದ್ದರು. ಸಿಗರೇಟು ಸೇದುವವರು ಶೇಕಡ 4. ಸೇದದೆ ಬರಿಯ ಕಟ್ಟುವವರೂ ಪಾರಾಗುವುದಿಲ್ಲ. ಹೊಗೆಸೊಪ್ಪಿನ ದೂಳಿನಿಂದ ಕೆಮ್ಮು, ಬಗ್ಗಿ ಕುಳಿತು ಬೆನ್ನು ಮತ್ತು ಕುತ್ತಿಗೆ ನೋವು ಅವರ ಪಾಲಿಗೆ ಬಂದದ್ದು.

ಬೀಡಿ ಸೇದುವುದು ನಿಲ್ಲಲೇಬೇಕು. ಕಟ್ಟುವ ಕೈಗೆ ಕೆಲಸ ನಿಲ್ಲಬಾರದು. ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿಯನ್ನು ಕಣ್ಣೂರು ತೋರಿಸಿದೆ. 1966ರ ಕಾಯ್ದೆ ಕೇರಳದಲ್ಲಿ ಜಾರಿಗೆ ಬರುವ ಹೊತ್ತಿಗೆ ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಅಲ್ಲಿನ ಕೆಲಸ ನಿಲ್ಲಿಸಿದವು, ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಹುಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರ ಸಂಘ, ಬೀಡಿಯ ಬೇಡಿಕೆ ಇಳಿಯುತ್ತಿದ್ದಂತೆ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳ ತಯಾರಿಕೆಗೆ ಇಳಿಯಿತು. ಮಂಗಳೂರಿನ ಜಗಲಿಗಳಲ್ಲಿ ದುಡಿಯುವ ಕೈಗಳು ಕಣ್ಣೂರಿನ ಕೈಗಳಿಗಿಂತ ಕಡಿಮೆ ಪಳಗಿದವಲ್ಲ. ಅವುಗಳಿಗೂ ಅಂಥ ದಾರಿಯನ್ನು ಸರ್ಕಾರ, ಸಹಕಾರಿ ಸಂಘಗಳು ಮತ್ತು ಆ ಕೈಗಳ ದುಡಿಮೆಯಿಂದ ಬೆಳೆದ ಬೀಡಿ ಸಂಸ್ಥೆಗಳು ಈಗಲೇ ತೆರೆದುಕೊಡಬೇಕು.